ಇನ್ನೊಂದು ವಾರದ ತೊಟ್ಟಿಲು

ಕುಂಬಾರಕೊಪ್ಪಲಿನ ದೇವಿರಮ್ಮ ಯಾರ ಮನೆಯ ತೊಟ್ಟಿಲನ್ನೂ ಹೊಗಳಿದವಳಲ್ಲ. ಎಳೆಗೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಅವಳ ಕಸುಬು. ಅಗ್ರಹಾರದ ಕಡೆ ಅವಳ ಕಾಲ ಮೇಲೆ ಬೋರಲು ಮಲಗಿ ಕಿರುಚದ ಮಕ್ಕಳು ಕಡಿಮೆ. ಬಾಣಂತಿಯ ಮನೆಯವರು ಹೆಮ್ಮೆಯಿಂದ, “ದೇವಿರಮ್ಮ, ತೊಟ್ಲು ನೋಡಿದ್ಯಾ? ಚನ್ನಪಟ್ಟಣದಿಂದ ತರಿಸಿದ್ದು” ಅಂದರೆ ಅವಳು ತಲೆಯೆತ್ತದೆ, “ಕೂಸು ಮಲಗ್ತದಾ?” ಎಂದು ಕೇಳುವಳು. ಮಲಗುತ್ತದೆ ಅಂದರೆ, “ಅಷ್ಟೇ ಅಲ್ವಾ ಬೇಕಾಗಿರೋದು” ಎಂದು ಮುಗಿಸಿಬಿಡುವಳು. ಕೆಲವರಿಗೆ ಇದು ಕೊಬ್ಬಿನ ಮಾತಾಗಿ ಕೇಳುತ್ತಿತ್ತು. ಅವಳ ಕೈ ಹದ ಬೇರೆ ಯಾರಿಗೂ ಇರಲಿಲ್ಲವಾದ್ದರಿಂದ ನುಂಗಿಕೊಳ್ಳುತ್ತಿದ್ದರು. ಚಾಮರಾಜಪುರಂನಿಂದಲೂ ಅವಳಿಗೆ ಕರೆ ಬರುತ್ತಿತ್ತು. ಅಲ್ಲಿಗೆ ಮಾತ್ರ ಅವಳು ಹೋಗುತ್ತಿರಲಿಲ್ಲ.

ಅವಳ ಬದುಕನ್ನು ಒಂದು ತೊಟ್ಟಿಲು ತಿಂದುಹಾಕಿತ್ತು. ಕೆಟ್ಟ ತೊಟ್ಟಿಲೇನೂ ಅಲ್ಲ. ಅಂಥದು ಇಡೀ ಮೈಸೂರಿನಲ್ಲಿ ಇನ್ನೊಂದಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಆ ತೊಟ್ಟಿಲು ಮಾಡಿದವನು ಅವಳ ಅಪ್ಪ ಚೆಲುವಯ್ಯ. ಅವನ ತಾತನ ಕಾಲಕ್ಕೆ ಊರಾಚೆ ಹೊಲವಿತ್ತು, ಎತ್ತಿತ್ತು. ಚೆಲುವಯ್ಯನ ಕೈಗೆ ನೇಗಿಲು ಹಿಡಿಸಲಿಲ್ಲ, ಉಳಿ ಹಿಡಿಸಿತು. ಬೀಟೆಮರದ ಹಲಗೆಯನ್ನು ಕೊರೆದು, ಕೊರೆದಲ್ಲಿ ದಂತದ ಚೂರು ಕೂರಿಸಿ ಹೂವು, ಗಿಳಿ, ಆನೆ ಮೂಡಿಸುವ ಕಾರ್ಖಾನೆಯೊಂದಕ್ಕೆ ಹುಡುಗನಾಗಿದ್ದಾಗಲೇ ಸೇರಿಕೊಂಡು, ಮೀಸೆ ಬರುವ ಹೊತ್ತಿಗೆ ಅರಮನೆಗೆ ಹೋಗುವ ಕುರ್ಚಿ, ಪೆಟ್ಟಿಗೆಗಳಿಗೆ ಕೈ ಹಾಕುವಷ್ಟಾಗಿದ್ದ. ಅವನ ಕೆಲಸದಲ್ಲಿ ದೋಷ ಹುಡುಕುವುದು ಅವನೊಬ್ಬನಿಂದಲೇ ಸಾಧ್ಯವಿತ್ತು. ಅದನ್ನು ಅವನು ಮನಸಾರೆ ಮಾಡುತ್ತಿದ್ದ. ಮುಗಿಯಿತು ಅನ್ನುವ ಪೆಟ್ಟಿಗೆಯನ್ನು ಬಿಚ್ಚುವುದು, ಮತ್ತೆ ಕೂಡಿಸುವುದು, ಕೇಳಿದವರಿಗೆಲ್ಲ “ಇನ್ನೊಂದು ವಾರ” ಅನ್ನುವುದು. ಅರಮನೆಯವರು ಕಾಯುತ್ತಿದ್ದರು. ಕೂತು ಕಾಯಲು ಅವರಿಗೆ ಬೇರೆ ಕುರ್ಚಿಗಳಿದ್ದವು.

ದೇವಿರಮ್ಮನನ್ನು ಚಾಮರಾಜಪುರಂನ ಪುಟ್ಟಸ್ವಾಮಿಗೆ ಕೊಟ್ಟಿತ್ತು. ಕಚೇರಿಯೊಂದರಲ್ಲಿ ಗುಮಾಸ್ತ. ಒಳ್ಳೆಯ ಹುಡುಗ, ಆದರೆ ಅವನ ತಾಯಿ ಪುಟ್ಟತಾಯಮ್ಮ ಬಾಯಿ ತೆರೆದರೆ ಅವನದು ಮುಚ್ಚಿಕೊಳ್ಳುತ್ತಿತ್ತು. ತಾಯಿ ಇಲ್ಲದಾಗ ಹೆಂಡತಿಯ ಹತ್ತಿರ ಚೆನ್ನಾಗಿ ಮಾತಾಡುತ್ತಿದ್ದ, ನಗಿಸುತ್ತಿದ್ದ, ಪೇಟೆಯಿಂದ ಬರುವಾಗ ಮರೆಯದೆ ಮಲ್ಲಿಗೆ ತರುತ್ತಿದ್ದ. ದೇವಿರಮ್ಮನಿಗೆ ಗಂಡನ ಮೇಲೆ ಪ್ರೀತಿಯಿತ್ತು. ಮುಂದೆ ಏನೇನೋ ಆದರೂ ಆ ಮಾತನ್ನು ಅವಳು ಸುಳ್ಳು ಅನ್ನಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಎರಡನೆಯ ಸಂಕ್ರಾಂತಿ ಕಳೆದು ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಕೂಸು ಹುಟ್ಟುವ ಮುಂಚೆ ತೊಟ್ಟಿಲು ಮಾಡಿಸಬಾರದು ಎಂದು ಇವರ ಕಡೆ ನಡೆದುಕೊಂಡು ಬಂದಿತ್ತು. ಹಾಗಾಗಿ ಹೆಸರಿಡುವ ದಿನ ಪಕ್ಕದ ಮನೆಯ ತೊಟ್ಟಿಲನ್ನೇ ಎರವಲು ತಂದು ತೊಲೆಗೆ ಕಟ್ಟಿದರು. ಹಳೆಯದು. ಒಂದು ಮೂಲೆ ಬಿಟ್ಟುಕೊಂಡಿತ್ತು, ಅದಕ್ಕೆ ಹಗ್ಗ ಬಿಗಿದಿತ್ತು. ಮೊದಲು ಅರೆಯುವ ಗುಂಡುಕಲ್ಲನ್ನು ತೊಳೆದು, ಅರಿಸಿನ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ. ಬರಿದಾದ ತೊಟ್ಟಿಲನ್ನು ತೂಗಬಾರದು, ಬರಿದಾದ ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬಾರದು, ಹೋದರೆ ಆ ಮನೆಯ ಕೂಸಿಗೆ ಕೇಡು. ಇದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದು. ಕಲ್ಲನ್ನು ತೆಗೆದು ಕೂಸನ್ನು ಹಾಕಿ, ಪ್ರೇಮ ಎಂದು ಕಿವಿಯಲ್ಲಿ ಹೆಸರು ಹೇಳಿದರು.

ಎಲ್ಲ ಮುಗಿದು ಊಟಕ್ಕೆ ಕೂತ ಮೇಲೆ ಪುಟ್ಟತಾಯಮ್ಮ ಶುರುಮಾಡಿದಳು.

“ಏನ್ ಬೀಗ್ರೇ, ಅರಮನೆಗೆ ಕುರ್ಚಿ ಮಾಡೋರ ಮನೇಲಿ ಮೊಮ್ಮಗೂಗೆ ಹಗ್ಗ ಕಟ್ಟಿದ ತೊಟ್ಲಾ?”

ಪಂಕ್ತಿಯೆಲ್ಲ ನಕ್ಕಿತು. ಚೆಲುವಯ್ಯನ ಮುಖ ಕಪ್ಪಾಯಿತು.

“ಹುಟ್ಟೋಕೆ ಮುಂಚೆ ಮಾಡಬಾರ್ದು ಅಂತ ಸುಮ್ಕಿದ್ದೆ ಕಣ್ರವ್ವ. ಈಗ ಮಾಡ್ತೀನಿ ನೋಡಿ. ನಿಮ್ಮನೆ ತೊಲೆಗೆ ನಾನು ಕಟ್ಟೋ ತೊಟ್ಲು ನೋಡಕ್ಕೆ ಮೈಸೂರೇ ಬರಬೇಕು. ಆ ತೊಟ್ಲು ನಿಮ್ಮನೇದು, ಮಾತು ಕೊಟ್ಟಿವ್ನಿ. ಅದಿಲ್ಲದೆ ಮಗಳನ್ನ ಕಳಿಸಲ್ಲ.”

“ಆಯ್ತಪ್ಪ, ತೊಟ್ಲು ಜೊತೇಲೇ ಸೊಸೆ ಬರ್ಲಿ. ತೊಟ್ಲಿಲ್ದೆ ಬರೋದು ಬ್ಯಾಡ” ಎಂದಳು ಪುಟ್ಟತಾಯಮ್ಮ.

ಇಷ್ಟೇ. ಇಬ್ಬರು ದೊಡ್ಡವರು ಒಬ್ಬಟ್ಟು ತಿನ್ನುತ್ತಾ ಆಡಿದ ಎರಡು ಮಾತು. ಒಳಕೋಣೆಯಲ್ಲಿ ಕಿವಿಗೆ ಹತ್ತಿಯಿಟ್ಟುಕೊಂಡು ಕೂತಿದ್ದ ಬಾಣಂತಿಯನ್ನು ಯಾರೂ ಏನೂ ಕೇಳಲಿಲ್ಲ.

ಬಾಣಂತಿ ಗಂಡನ ಮನೆಗೆ ಮೂರನೆಯ ತಿಂಗಳಿನಲ್ಲಿ ಹೋಗಬೇಕು, ತಪ್ಪಿದರೆ ಐದರಲ್ಲಿ. ಸಮ ತಿಂಗಳು ಆಗಿಬರುವುದಿಲ್ಲ. ಅಂದರೆ ಒಂದು ಸಲ ದಿನ ತಪ್ಪಿದರೆ ಎರಡು ತಿಂಗಳು ಕೂತಿರಬೇಕು. ಈ ಲೆಕ್ಕ ಮಾಡಿದವನಿಗೆ ಚೆಲುವಯ್ಯನಂಥ ಅಪ್ಪ ಇರಲಿಲ್ಲವೆಂದು ಕಾಣುತ್ತದೆ.

ಚೆಲುವಯ್ಯ ಒಳ್ಳೆಯ ಬೀಟೆ ಹುಡುಕಿ ತಂದ. ಕಾರ್ಖಾನೆಯ ಕೆಲಸ ಮುಗಿಸಿ ಬಂದವನೇ ಹಿತ್ತಲ ಚಪ್ಪರದಡಿ ಕೂರುವನು. ಮೂರನೆಯ ತಿಂಗಳಿಗೆ ನಾಲ್ಕು ಪಕ್ಕೆಯೂ ಸಿದ್ಧವಾಗಿ, ಬರಿಯ ತೊಟ್ಟಿಲಾಗಿ ಕಟ್ಟಿದರೆ ಸಾಕು ಅನ್ನುವಂತಿತ್ತು. ಆಗ ಒಂದು ಹಲಗೆಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಂಥದ್ದು. ಆ ಹಲಗೆಯನ್ನು ಒಲೆಗೆ ಹಾಕಿದ.

“ಕೂಸೇನು ಬಿರುಕು ನೋಡ್ತದಾ?” ಎಂದು ಹೆಂಡತಿ ತಿಮ್ಮಮ್ಮ ಕೂಗಾಡಿದಳು.

“ಆ ಮಾಟಗಾತಿ ನೋಡ್ತಾಳೆ” ಎಂದ. ಬೀಗಿತಿಯನ್ನು ಅವನು ಆಮೇಲೆ ಹೆಸರು ಹಿಡಿದು ಕರೆದದ್ದೇ ಇಲ್ಲ.

ಹೊಸ ಹಲಗೆ ಬಂತು. ಅದರ ಬಣ್ಣ ಉಳಿದ ಮೂರಕ್ಕೆ ಹೊಂದಲಿಲ್ಲವೆಂದು ಇನ್ನೊಂದು ಬಂತು. ಪಕ್ಕೆಗೆ ಬಳ್ಳಿ, ಬಳ್ಳಿಯ ಮೇಲೆ ಗಿಳಿ, ಗಿಳಿಯ ಕೊಕ್ಕಿನಲ್ಲಿ ಹಣ್ಣು. ಕೂಸು ಅಷ್ಟರವರೆಗೆ ಎಲ್ಲಿ ಮಲಗುತ್ತಿತ್ತೆಂದರೆ, ಅಡಿಗೆಮನೆಯ ತೊಲೆಗೆ ಕಟ್ಟಿದ ತಿಮ್ಮಮ್ಮನ ಹಳೆಯ ಸೀರೆಯ ಜೋಲಿಯಲ್ಲಿ. ಸುಖವಾಗಿ ನಿದ್ದೆ ಮಾಡುತ್ತಿತ್ತು. ತನ್ನ ಅಪ್ಪನ ಮನೆಗೆ ಹೋಗಲು ಗಿಳಿಯ ಕಣ್ಣು ಮೂಡಬೇಕೆಂದು ಅದಕ್ಕೆ ತಿಳಿದಿರಲಿಲ್ಲ.

ಐದನೆಯ ತಿಂಗಳ ಕೊನೆಯಲ್ಲಿ ಒಂದು ಭಾನುವಾರ ಪುಟ್ಟಸ್ವಾಮಿ ಒಬ್ಬನೇ ಬಂದ. ಕೈಯಲ್ಲಿ ಮಗುವಿಗೊಂದು ತಗಡಿನ ಗಿಲಕಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಚಪ್ಪರದ ಕೆಳಗೆ ನಿಂತು, ಬೆವರು ಒರೆಸಿಕೊಂಡು, ದಾರಿಯುದ್ದ ಬಾಯಿಪಾಠ ಮಾಡಿಕೊಂಡು ಬಂದಂತೆ ಹೇಳಿದ.

“ಮಾವ, ಏಳಕ್ಕೆ ಬಿಟ್ರೆ ಆಷಾಢ ಬಂದ್ಬುಡ್ತದೆ. ಇವತ್ತು ದಿನ ಚೆನ್ನಾಗದೆ. ಇವಳನ್ನ ಕಳಿಸಿಕೊಡಿ. ತೊಟ್ಲು ಆಮೇಲೆ ಬರ್ಲಿ.”

“ನಿಮ್ಮವ್ವ ಹೇಳಿ ಕಳಿಸಿದ್ರಾ?”

“ಇಲ್ಲ. ನಾನೇ ಬಂದೆ.”

ಅಷ್ಟು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ದೇವಿರಮ್ಮನಿಗೆ ಗೊತ್ತಾಯಿತು. ಚೆಲುವಯ್ಯನಿಗೆ ಗೊತ್ತಾಗಲಿಲ್ಲ. ಅವನು ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ನೋಡುತ್ತಾ, “ನಾಳೆ ನಿಮ್ಮವ್ವ ನಾಲ್ಕು ಜನದ ಮುಂದೆ, ಬರಿಗೈಲಿ ಕಳಿಸಿದ್ರು ಅನ್ನೋಕಾ? ಇನ್ನೊಂದು ವಾರ ತಡ್ಕಳಿ” ಎಂದ.

ಪುಟ್ಟಸ್ವಾಮಿ ಬಾಗಿಲ ಕಡೆ ತಿರುಗಿದ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಅಲ್ಲಿ ನಿಂತಿದ್ದಳು.

“ನೀನೇನಂತೀಯೆ?”

ಅವಳ ಬಟ್ಟೆಯ ಗಂಟು ಯುಗಾದಿಯಿಂದಲೇ ಕಟ್ಟಿ ಮೂಲೆಯಲ್ಲಿತ್ತು. ಬರುತ್ತೇನೆ ಅನ್ನುವುದು ಒಂದೇ ಮಾತು. ಆದರೆ ಅಪ್ಪನ ಬೆರಳಿಗೆ ಚಿಂದಿ ಸುತ್ತಿತ್ತು, ಚಿಂದಿಯಲ್ಲಿ ರಕ್ತವಿತ್ತು, ಅವನು ಬೆಳಗ್ಗೆ ಗಂಜಿ ಕುಡಿದು ಕೂತವನು ಇನ್ನೂ ಎದ್ದಿರಲಿಲ್ಲ. ಇಷ್ಟೆಲ್ಲ ತನಗಾಗಿಯೇ ಅಲ್ಲವೇ ಅನ್ನಿಸಿತು. ತನ್ನನ್ನೂ ನಾಲ್ಕು ಜನ ನೋಡುವಂತೆ ಕಳಿಸಲಿ ಎಂಬ ಆಸೆಯೂ ಒಳಗೊಳಗೆ ಇತ್ತು.

“ಅಪ್ಪ ಇನ್ನೊಂದು ವಾರ ಅಂತವ್ರಲ್ಲ” ಎಂದಳು.

ಅವನು ಗಿಲಕಿಯನ್ನು ಮಗುವಿನ ಕೈಗೆ ಕೊಟ್ಟು, ಮಲ್ಲಿಗೆಯನ್ನು ಜಗಲಿಯ ಮೇಲಿಟ್ಟು ಹೊರಟುಹೋದ. ಊಟಕ್ಕೂ ನಿಲ್ಲಲಿಲ್ಲ.

ಏಳನೆಯ ತಿಂಗಳು ಆಷಾಢವಾಯಿತು. ಒಂಬತ್ತರಲ್ಲಿ ಗಣಪತಿ ಮುಗಿಯುತ್ತಲೇ ಪಿತೃಪಕ್ಷ ಬಂತು. ದಸರೆಗೆ ಬಂದ ನೆಂಟರೆಲ್ಲ ತೊಟ್ಟಿಲು ನೋಡಿಕೊಂಡು ಹೋದರು. ಕಾರ್ಖಾನೆಯ ಯಜಮಾನ ಬಂದು ನೋಡಿ, ಇದನ್ನು ವಸ್ತುಪ್ರದರ್ಶನದಲ್ಲಿ ಇಡಬೇಕಿತ್ತು ಅಂದ. ಚೆಲುವಯ್ಯ ಹಿಗ್ಗಿಹೋದ. ಯಾರು ಹೊಗಳಿದರೂ ಅವನಿಗೆ ಇನ್ನೊಂದು ಕೊರತೆ ಹೊಳೆಯುತ್ತಿತ್ತು. ಕಬ್ಬಿಣದ ಸರಪಳಿ ಬೇಡ, ಹಿತ್ತಾಳೆಯದೇ ಆಗಬೇಕು. ಹಿತ್ತಾಳೆ ಸರಪಳಿ ಬಂದ ಮೇಲೆ, ಅದರ ಕೊಂಡಿಗೆ ನವಿಲು ಇರಬೇಕು. ಚಾಮರಾಜಪುರಂನಿಂದ ಹೇಳಿಕಳಿಸುವುದು ನಿಂತುಹೋಗಿತ್ತು. ಅದನ್ನು ಗಮನಿಸಿದವಳು ದೇವಿರಮ್ಮ ಒಬ್ಬಳೇ. ಅಪ್ಪನ ಹತ್ತಿರ ಹೇಳಿದಾಗ, “ಬಾಯಿ ಮುಚ್ಕೊಂಡವ್ರೆ ಅಂದ್ರೆ ಕಾಯ್ತಾವ್ರೆ ಅಂತ” ಎಂದುಬಿಟ್ಟ.

ಪ್ರೇಮ ಅಂಬೆಗಾಲಿಟ್ಟಿತು. ಆಮೇಲೊಂದು ದಿನ, ಚಪ್ಪರದಡಿ ಮಣೆಗಳ ಮೇಲೆ ಕೂರಿಸಿದ್ದ ಆ ತೊಟ್ಟಿಲಿನ ಪಕ್ಕೆಯನ್ನೇ ಹಿಡಿದುಕೊಂಡು ಎದ್ದು ನಿಂತು, ಗಿಳಿಯಿಂದ ಗಿಳಿಗೆ ಕೈ ಹಾಕುತ್ತಾ ನಾಲ್ಕು ಹೆಜ್ಜೆ ನಡೆಯಿತು. ತಿಮ್ಮಮ್ಮ ಸಂತೋಷಪಟ್ಟು ತಂಬಿಟ್ಟು ಮಾಡಿ ಬೀದಿಗೆಲ್ಲ ಹಂಚಿದಳು. ದೇವಿರಮ್ಮ ತಂಬಿಟ್ಟು ಬಾಯಿಗಿಟ್ಟುಕೊಳ್ಳಲಿಲ್ಲ. ನಡೆಯುವ ಮಗುವಿಗೆ ತೊಟ್ಟಿಲೇಕೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಅರಗಿನ ಪಾಲಿಶ್ ಒಣಗಿ, ಸರಪಳಿಗೆ ನವಿಲು ಕೂತು, ತೊಟ್ಟಿಲು ಮುಗಿದಾಗ ಮುಂದಿನ ಸಂಕ್ರಾಂತಿಯೂ ಕಳೆದಿತ್ತು. ಪಡಸಾಲೆಯ ತೊಲೆಗೆ ಕಟ್ಟಿ, “ಮಲಗ್ಸು ನೋಡನ” ಅಂದ ಚೆಲುವಯ್ಯ. ಮಲಗಿಸಿದರು. ಪ್ರೇಮನ ಕಾಲು ಆ ಕೊನೆಗೆ ತಾಕಿತು. ಮಗು ಕಿಟಾರನೆ ಕಿರುಚಿ, ಎದ್ದು ಕೂತು, ಪಕ್ಕೆಗೆ ಕಾಲು ಹಾಕಿ ಇಳಿಯಲು ನೋಡಿತು. ಚೆಲುವಯ್ಯ ಮಗುವನ್ನು ನೋಡುತ್ತಿರಲಿಲ್ಲ. ಮಗು ಜಗ್ಗಿದರೂ ಕೀಲು ಕಿರುಗುಟ್ಟಲಿಲ್ಲವೆಂದು ತಲೆದೂಗುತ್ತಿದ್ದ.

ಮೂರನೆಯ ದಿನ ತಿಮ್ಮಮ್ಮ ಮಾರ್ಕೆಟ್ಟಿನಿಂದ ಬರಿಯ ಚೀಲ ಹಿಡಿದು, ಅಲ್ಲಿ ಕೇಳಿದ ಸುದ್ದಿ ಹೊತ್ತು ಬಂದಳು. ಪುಟ್ಟಸ್ವಾಮಿಗೆ ನಂಜನಗೂಡಿನ ಕಡೆಯಿಂದ ಇನ್ನೊಂದು ಹೆಣ್ಣು ತಂದು, ಕಾರ್ತಿಕದಲ್ಲೇ ಧಾರೆಯಾಗಿತ್ತು. ತೊಟ್ಟಿಲಿನ ನೆವ ಹೇಳಿ ಮಗಳನ್ನು ಇಟ್ಟುಕೊಂಡಿದ್ದಾರೆ, ಅವಳಿಗೆ ಬಾಳುವ ಮನಸ್ಸಿಲ್ಲ, ಕರೆಯಲು ಹೋದ ಗಂಡನನ್ನೇ ವಾಪಸು ಕಳಿಸಿದಳು ಎಂದು ಪುಟ್ಟತಾಯಮ್ಮ ಎಲ್ಲರಿಗೂ ಹೇಳಿಕೊಂಡಿದ್ದಳು. ಕೊನೆಯ ಮಾತು ಸುಳ್ಳಾಗಿರಲಿಲ್ಲ. ಗಂಡಸು ಎರಡನೆಯದು ಕಟ್ಟಿಕೊಂಡರೆ ಆಗ ಕೇಳುವ ಕಾನೂನೂ ಇರಲಿಲ್ಲ. ದೇವಿರಮ್ಮ ಮೂಲೆಯಲ್ಲಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ಒಂದೊಂದೇ ಸೀರೆಯನ್ನು ಒದರಿ ಮಡಿಸಿ ಮತ್ತೆ ಪೆಟ್ಟಿಗೆಗೆ ಇಟ್ಟಳು. ಅಳು ಬಂದದ್ದು ಎಷ್ಟೋ ದಿನದ ಮೇಲೆ, ಒಣಗಿದ ಮಲ್ಲಿಗೆ ಒಂದು ಸೀರೆಯ ಮಡಿಕೆಯಲ್ಲಿ ಸಿಕ್ಕಾಗ. ಆವತ್ತು ಹೊಟ್ಟೆ ಹಿಡಿದುಕೊಂಡು ಅತ್ತಳು.

ತೊಟ್ಟಿಲು ಪಡಸಾಲೆಯಲ್ಲೇ ತೂಗಿಕೊಂಡಿತ್ತು. ಬರಿದಾಗಿರಬಾರದೆಂದು ತಿಮ್ಮಮ್ಮ ಅದರಲ್ಲಿ ಗುಂಡುಕಲ್ಲು ಮಲಗಿಸಿದ್ದಳು. ದಿನಾ ಬೆಳಗ್ಗೆ ಮೆಣಸು ಅರೆಯಲು ಎತ್ತಿಕೊಳ್ಳುವುದು, ಅರೆದು ತೊಳೆದು ಮತ್ತೆ ಮಲಗಿಸುವುದು.

ಮರುವರ್ಷ ಬೇಸಗೆಯಲ್ಲಿ ಬಾಗಿಲಿಗೆ ಜಟಕಾ ಬಂದು ನಿಂತಿತು. ಇಳಿದವಳು ಪುಟ್ಟತಾಯಮ್ಮ. ಜಗಲಿ ಹತ್ತಲಿಲ್ಲ, ನೀರು ಮುಟ್ಟಲಿಲ್ಲ.

“ಮನೇಲಿ ಕೂಸು ಹುಟ್ಟದೆ, ಗಂಡು. ಬೀಗ್ರೇ, ಆ ತೊಟ್ಲು ನಮ್ಮನೇದು ಅಂತ ಪಂಕ್ತೀಲಿ ಮಾತು ಕೊಟ್ಟಿದ್ರಿ. ಮಾತಂದ್ರೆ ಮಾತು. ತಗೊಂಡೋಗಕ್ಕೆ ಬಂದಿವ್ನಿ.”

ತಿಮ್ಮಮ್ಮ ಪೊರಕೆ ಹುಡುಕಿದಳು. “ನಿನ್ ನಾಲಿಗೆ ಸೇದೋಗ, ಯಾವ ಮೊಕ ಇಟ್ಕಂಡು ಕೇಳ್ತೀಯೆ?” ಎಂದು ಬೀದಿ ಸೇರುವಂತೆ ಕೂಗಿದಳು. ಚೆಲುವಯ್ಯ ಅವಳನ್ನು ತಡೆದ.

“ಕೊಟ್ಟ ಮಾತು ಕಣೇ. ತೊಟ್ಲು ಆ ಮನೇದು ಅಂತ ಹೇಳಿದ್ದೆ. ತಗೊಂಡೋಗ್ಲಿ.”

ದೇವಿರಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಮಾನ ಇತ್ತೋ ಇಲ್ಲವೋ, ಅದರಲ್ಲಿ ಒಂದು ಬೆಳಕಂತೂ ಇತ್ತು. ಕೊನೆಗೂ ಅವನ ತೊಟ್ಟಿಲಿನಲ್ಲಿ ಒಂದು ಕೂಸು ಮಲಗಲಿತ್ತು. ಯಾರ ಕೂಸಾದರೇನು. ಅವನು ಸರಪಳಿಗಳನ್ನು ತಾನೇ ಕಳಚಿ, ನವಿಲುಗಳಿಗೆ ಗೀರು ಬೀಳದಂತೆ ತನ್ನ ಟವೆಲು ಸುತ್ತಿದ. ಆ ಗಳಿಗೆಯಲ್ಲಿ ಅವಳಿಗೆ ಅತ್ತೆಗಿಂತ, ಗಂಡನಿಗಿಂತ, ಅಪ್ಪನ ಮೇಲೆ ಹೆಚ್ಚು ಅಸಹ್ಯವಾಯಿತು.

ತೊಟ್ಟಿಲನ್ನು ಹೊಸಿಲಿನ ತನಕ ತಂದರು. ಒಳಗೆ ಗುಂಡುಕಲ್ಲು ಇತ್ತು. ದೇವಿರಮ್ಮ ಮುಂದೆ ಬಂದು, ಬಗ್ಗಿ, ಎರಡು ಕೈಯಲ್ಲಿ ಕಲ್ಲನ್ನು ಎತ್ತಿಕೊಂಡಳು.

“ಏನ್ ಮಾಡ್ತೀಯೇ! ಬರಿ ತೊಟ್ಲು ದಾಟಬಾರ್ದು ಕಣೇ!” ಎಂದು ತಿಮ್ಮಮ್ಮ ಕಿರುಚಿದಳು. ಅದುವರೆಗೆ ಬೈಯುತ್ತಿದ್ದವಳ ದನಿಯಲ್ಲಿ ಈಗ ಹೆದರಿಕೆ ಇತ್ತು. ಪುಟ್ಟತಾಯಮ್ಮನ ಮುಖ ಬಿಳಿಚಿಕೊಂಡಿತು.

“ಕಲ್ಲು ನಮ್ಮದು” ಎಂದಳು ದೇವಿರಮ್ಮ. “ಅವರಿಗೆ ಮಾತು ಕೊಟ್ಟಿದ್ದು ತೊಟ್ಲು ಒಂದನ್ನೇ.”

ಪುಟ್ಟತಾಯಮ್ಮ ತೊಟ್ಟಿಲನ್ನು ಅಲ್ಲೇ ಬಿಟ್ಟುಹೋಗಬಹುದಿತ್ತು. ಹೋಗಲಿಲ್ಲ. ತನ್ನ ಎಲೆಅಡಿಕೆಯ ಚೀಲವನ್ನು ಅದರೊಳಗೆ ಎಸೆದು, ಜಟಕಾಕ್ಕೆ ಹೇರಿಸಿಕೊಂಡು ಹೊರಟಳು. ಆದರೆ ಚೀಲ ಎಸೆದದ್ದು ತೊಟ್ಟಿಲು ಹೊಸಿಲು ದಾಟಿದ ಮೇಲೆ.

ಆಮೇಲೆ ಎಷ್ಟೋ ತಿಂಗಳು ದೇವಿರಮ್ಮ ಸುದ್ದಿಗೆ ಕಾದಳು. ಕೂಸು ಸಾಯಲೆಂದೇ? ಹಾಗೆಂದು ಅವಳು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಒಮ್ಮೊಮ್ಮೆ ಅನ್ನ ಕಲೆಸುತ್ತಾ ಬೆಚ್ಚಿ, ಬೇಡಪ್ಪಾ ಬೇಡ ಅನ್ನುವಳು. ಆ ಕೂಸಿಗೆ ಏನೂ ಆಗಲಿಲ್ಲ. ಗುಂಡುಗುಂಡಗೆ ಬೆಳೆಯಿತು. ಅದರ ಹಿಂದೆ ಇನ್ನೂ ಮೂರು ಹುಟ್ಟಿದವು, ಎಲ್ಲವೂ ಆ ತೊಟ್ಟಿಲಿನಲ್ಲಿ ಮಲಗಿದವು. ಸುದ್ದಿ ಕೇಳಿದಾಗಲೆಲ್ಲ ಅವಳಿಗೆ ಸಮಾಧಾನವಾಗುತ್ತಿತ್ತು, ಸಮಾಧಾನವಾಯಿತಲ್ಲಾ ಎಂದು ಸಿಟ್ಟೂ ಬರುತ್ತಿತ್ತು.

ಹೊಟ್ಟೆಪಾಡಿಗೆ ಮಕ್ಕಳಿಗೆ ಎರೆಯುವ ಕೆಲಸ ಹಿಡಿದಳು. ವರ್ಷಗಳ ಮೇಲೆ ಅಗ್ರಹಾರದ ಒಂದು ಮನೆಗೆ ಕರೆ ಬಂತು. ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿದ ಕೂಸನ್ನು ಹೊತ್ತು ನಡುಮನೆಗೆ ಬಂದರೆ ಎದುರಿಗೆ ಗಿಳಿಗಳು. ಹಿತ್ತಾಳೆಯ ನವಿಲುಗಳು.

“ಚಾಮರಾಜಪುರಂನಿಂದ ಕೇಳಿ ತಂದಿದ್ದು” ಎಂದರು ಮನೆಯ ಯಜಮಾನಿ. “ಇದರಲ್ಲಿ ಮಲಗಿದ ಮಗು ಒಂದೂ ಕೆಟ್ಟಿಲ್ಲವಂತೆ. ಎಷ್ಟು ಮನೆ ಸುತ್ತಿದೆಯೋ, ಒಂದು ಕೀಲು ಅಲ್ಲಾಡಿಲ್ಲ ನೋಡು. ಯಾರೋ ಪುಣ್ಯಾತ್ಮ ಮಾಡಿದ್ದು.”

ದೇವಿರಮ್ಮ ಕೂಸನ್ನು ಮಲಗಿಸಿ, ಸರಪಳಿ ಹಿಡಿದು ತೂಗಿದಳು. ತನ್ನ ಕೂಸನ್ನು ಅದರಲ್ಲಿ ಒಂದು ದಿನವೂ ತೂಗಿರಲಿಲ್ಲ. ಸದ್ದೇ ಇಲ್ಲದೆ ತೂಗುತ್ತಿತ್ತು, ಕೂಸು ಆಗಲೇ ಕಣ್ಣು ಮುಚ್ಚಿತ್ತು.

“ಹೌದು ಕಣಮ್ಮ” ಎಂದಳು. “ಪುರುಸೊತ್ತಾಗಿ ಮಾಡವ್ನೆ.”

ಪ್ರೇಮ ದೊಡ್ಡವಳಾದಳು. ಅವಳ ಮದುವೆಗೆ ಪುಟ್ಟಸ್ವಾಮಿ ಬಂದು, ಧಾರೆ ಎರೆದು, ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಹೋದ. ಅವನ ತಲೆ ನರೆತಿತ್ತು. ದೇವಿರಮ್ಮನ ಕಡೆ ಒಂದು ಸಲ ನೋಡಿ, ಏನೋ ಹೇಳಲು ಹೋಗಿ, ನೀರು ಕುಡಿದ.

ಮದುವೆಯಾದ ಮರುವರ್ಷ ಪ್ರೇಮನಿಗೆ ಗಂಡುಮಗು ಹುಟ್ಟಿತು. ಅಳಿಯನ ಮನೆಯವರು ಒಳ್ಳೆಯವರು, ಏನನ್ನೂ ಕೇಳಿದವರಲ್ಲ. ಆದರೂ ಮೂರನೆಯ ತಿಂಗಳು ಬರುತ್ತಲೇ ದೇವಿರಮ್ಮ ಮಾರ್ಕೆಟ್ಟಿನ ಹತ್ತಿರದ ಅಂಗಡಿಗೆ ಹೋಗಿ, ಎದುರಿಗೆ ಕಂಡ ಮೊದಲ ತೊಟ್ಟಿಲನ್ನು ತೋರಿಸಿ, ಇದನ್ನೇ ಕೊಡು ಅಂದಳು. ಯಾವುದೋ ಹಗುರ ಮರ, ಮೇಲೆ ಹಸಿರು ಬಣ್ಣ. ಬಣ್ಣ ಇನ್ನೂ ಒಣಗಿಲ್ಲ, ನಾಳೆ ಬಾರಮ್ಮ ಅಂದ ಅಂಗಡಿಯವನು. ಅವಳು ನಾಳೆಗೆ ಬಿಡಲಿಲ್ಲ.

ಕಳಿಸುವುದೂ ಅವತ್ತೇ. ಜಟಕಾ ಬಂದು ನಿಂತಿತು. ತಿಮ್ಮಮ್ಮ ಸತ್ತು ನಾಲ್ಕಾರು ವರ್ಷವಾಗಿತ್ತು. ಚೆಲುವಯ್ಯನಿಗೆ ಎರಡು ಕಣ್ಣೂ ಹೋಗಿದ್ದವು. ಗೋಡೆ ಹಿಡಿದುಕೊಂಡು ಬಂದು, ಹೊಸಿಲ ಹತ್ತಿರ ಇಟ್ಟಿದ್ದ ತೊಟ್ಟಿಲನ್ನು ತಡಕಿದ. ಪಕ್ಕೆಯುದ್ದಕ್ಕೂ ಅವನ ಹೆಬ್ಬೆರಳು ಹರಿದು, ಒಂದು ಮೂಲೆಯಲ್ಲಿ ನಿಂತಿತು.

“ಕೀಲು ಕೂತಿಲ್ಲ ಕಣವ್ವ. ಮೊಳೆ ಹೊಡೆದ್ಬುಟ್ಟವ್ರೆ. ಎರಡು ವರ್ಷ ತಡೆಯಲ್ಲ ಇದು.” ಆಮೇಲೆ, ಕೇಳಿಕೊಳ್ಳುವ ದನಿಯಲ್ಲಿ, “ಬಿಚ್ಚಿ ಕೂಡಿಸಿಕೊಡ್ಲಾ? ಇನ್ನೊಂದು ವಾರ ತಡ್ಕಳಿ” ಎಂದ.

ಪ್ರೇಮ ತಾಯಿಯ ಮುಖ ನೋಡಿದಳು. ದೇವಿರಮ್ಮ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡು ತೊಟ್ಟಿಲಿನಲ್ಲಿ ಮಲಗಿಸಿದಳು, ಹೊದಿಕೆ ಸರಿಮಾಡಿದಳು. ತೊಟ್ಟಿಲನ್ನು ಒಂದು ಕಡೆ ತಾನೇ ಹಿಡಿದು ಹೊಸಿಲು ದಾಟಿಸಿ, ಜಟಕಾದಲ್ಲಿ ಇರಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿ, ಹೊಡಿ ಎಂದಳು. ಜಟಕಾ ಬೀದಿಯ ತಿರುವು ದಾಟುವವರೆಗೆ ನಿಂತು ನೋಡಿ, ಆಮೇಲೆ ಅಪ್ಪನ ಕಡೆ ತಿರುಗಿದಳು.

“ನೀನು ಆವತ್ತು ಕೇಳಿದ ವಾರ ಇನ್ನೂ ಮುಗಿದಿಲ್ಲ ಕಣಪ್ಪ” ಎಂದಳು. “ನಾನಿನ್ನೂ ಅದನ್ನೇ ಕಳೀತಾ ಇವ್ನಿ.”

ಅವಳು ಒಳಗೆ ಹೋದಳು. ಚೆಲುವಯ್ಯ ಹೆಬ್ಬೆರಳಿಗೆ ಮೆತ್ತಿದ್ದ ಹಸಿ ಬಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಹೊಸಿಲ ಹತ್ತಿರವೇ ನಿಂತಿದ್ದ.